ಮಾವನ ಪೋಲೆಂಡ್ ಸ್ಥಳಪುರಾಣ

ಪೋಲೆಂಡಿನ ಒಂದು ಕುಗ್ರಾಮದ ಬಗ್ಗೆ ಪೋಲೆಂಡಿನವರಿಗಿಂತ ಹೆಚ್ಚು ತಿಳಿದುಕೊಂಡಿರುವ, ಮತ್ತು ಯಾರೂ ಕೇಳದಿದ್ದರೂ ಅದನ್ನೆಲ್ಲ ಹೇಳಿಯೇ ತೀರುವ ಕನ್ನಡಿಗ ಈ ಭೂಮಿಯ ಮೇಲೆ ಒಬ್ಬನೇ ಒಬ್ಬ ಇದ್ದಾನೆ. ಅವನನ್ನು ದೇವರು ಹುಡುಕಿ ಹುಡುಕಿ ನನಗೇ ಸೋದರಮಾವನನ್ನಾಗಿ ದಯಪಾಲಿಸಿದ. ಹೇಗಿದೆ ನನ್ನ ಪುಣ್ಯ!

ಮಾವ ಇರುವುದು ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ. ಕಾರಿನ ಬ್ರೇಕಿಗೆ ಸಂಬಂಧಿಸಿದ ಏನೋ ಕೆಲಸ. ಆ ಬ್ರೇಕನ್ನು ಅವರ ಬಾಯಿಗೆ ಅಳವಡಿಸುವುದು ಮಾತ್ರ ಇದುವರೆಗೆ ಯಾವ ಎಂಜಿನಿಯರಿನಿಂದಲೂ ಆಗಿಲ್ಲ. ನಾನು ಪಕ್ಕದ ಮೋಲ್ನ್‌ಡಾಲ್‌ನಲ್ಲಿ ಔಷಧ ಸಂಶೋಧನೆ ಮಾಡಿಕೊಂಡು ನನ್ನ ಪಾಡಿಗೆ ನಾನಿದ್ದೇನೆ. ಇರುತ್ತಿದ್ದೆ ಅನ್ನಬೇಕು. ನಮ್ಮಿಬ್ಬರ ಮನೆಗಳ ನಡುವೆ ನೇರ ಟ್ರಾಮ್ ಓಡುತ್ತದೆ. ಶನಿವಾರ ಬೆಳಿಗ್ಗೆ ಅದು ನಮ್ಮ ನಿಲ್ದಾಣದಲ್ಲಿ ನಿಂತರೆ ನನ್ನ ಗಂಡ ಕಿಟಕಿಯಿಂದ ಇಣುಕಿ ನೋಡಿ, ಅವಸರದಲ್ಲಿ ಸ್ನಾನಕ್ಕೆ ಹೋಗುತ್ತಾನೆ. ಒಳಗಿನಿಂದ ಚಿಲಕ ಹಾಕಿಕೊಂಡರೆ ಮಾವ ಹೊರಡುವವರೆಗೂ ಹೊರಗೆ ಬರುವುದಿಲ್ಲ.

ಮಾವ ಹುಟ್ಟಿ ಬೆಳೆದದ್ದು ದಾವಣಗೆರೆ ಕಡೆ. ಆ ಊರಿನ ಬಗ್ಗೆ ಏನಾದರೂ ಕೇಳಿ ನೋಡಿ, "ಏನಿದೆ ಅಲ್ಲಿ, ಬಿಸಿಲು" ಎಂದು ಒಂದೇ ಮಾತಿಗೆ ಮುಗಿಸಿಬಿಡುತ್ತಾರೆ. ಅದೇ ಪೋಲೆಂಡ್ ಎನ್ನುವ ಪದ ಯಾರ ಬಾಯಿಂದಲಾದರೂ ಜಾರಲಿ, ಸೋಫಾದ ಮೇಲೆ ಕಾಲು ಮಡಚಿ ಕೂರುತ್ತಾರೆ. ಆಮೇಲೆ ಅವರನ್ನು ಎಬ್ಬಿಸಲು ಕೊಮ್ಯೂನಿನವರೇ, ಅಂದರೆ ಇಲ್ಲಿನ ನಗರಸಭೆಯವರೇ ಬರಬೇಕು.

ಅಷ್ಟಕ್ಕೂ ಆ ಊರಿನ ವೈಭವವಾದರೂ ಏನು? ಮೂವತ್ತೋ ನಲವತ್ತೋ ಮನೆಗಳು. ಒಂದು ಇಟ್ಟಿಗೆ ಚರ್ಚು. ಸುತ್ತ ಆಲೂಗಡ್ಡೆ ಹೊಲ. ಒಂದು ಬೀದಿ, ಅದರ ಎರಡು ಬದಿಗೆ ಮರಗಳು. ನಡುವೆ ಒಂದು ಕೆರೆ. ಮಾವ ಅದನ್ನು ಕೆರೆ ಅನ್ನುತ್ತಾರೆ, ಫೋಟೋ ನೋಡಿದ ನಾನು ಹೊಂಡ ಅನ್ನುತ್ತೇನೆ. ಎರಡು ಬಾತುಕೋಳಿ ಒಟ್ಟಿಗೆ ಇಳಿದರೆ ಮೂರನೆಯದು ದಡದಲ್ಲಿ ಸರದಿ ಕಾಯಬೇಕು, ಅಷ್ಟು ವಿಸ್ತಾರ! ಊರಿನ ಹೆಸರನ್ನು ನಾನು ಬರೆಯಲಾರೆ. ಅದನ್ನು ಉಚ್ಚರಿಸುವಾಗ ಮಾವನ ಮುಖದಲ್ಲಿ ಆಗುವ ಬದಲಾವಣೆಗಳನ್ನು ಕಣ್ಣಾರೆ ನೋಡಿಯೇ ತಿಳಿಯಬೇಕು.

ಇವರಿಗೆ ಈ ಊರು ಗಂಟುಬಿದ್ದದ್ದು ಹಲ್ಲಿನ ದೆಸೆಯಿಂದ. ಸ್ವೀಡನ್ನಿನಲ್ಲಿ ಹಲ್ಲು ಕಟ್ಟಿಸುವ ಬದಲು ಪೋಲೆಂಡಿಗೆ ಹೋಗಿ ಕಟ್ಟಿಸಿಕೊಂಡು, ಊರು ನೋಡಿಕೊಂಡು ಬಂದರೂ ಅಗ್ಗವಾಗುತ್ತದೆ ಎಂಬ ಮಾತು ಇಲ್ಲಿ ಫಿಕಾ ಎನ್ನುವ ಕಾಫಿ ವಿರಾಮದ ಎಲ್ಲ ಮೇಜಿನ ಮೇಲೂ ಹರಿದಾಡುತ್ತದೆ. ಮಾವ ಅದನ್ನು ನಂಬಿ ಕೆಲವು ವರ್ಷಗಳ ಹಿಂದೆ ಅಕ್ಟೋಬರ್ ಕೊನೆಗೆ ಹೊರಟರು. ದೀಪಾವಳಿಯ ಸಮಯ. ಹಲ್ಲು ಕಟ್ಟಿಸಲು ಹೊರಟ ಗಂಡನಿಗೆ ಅತ್ತೆ ಒಂದು ಡಬ್ಬಿ ತುಂಬ ಚಕ್ಕುಲಿ ಕೊಟ್ಟು ಕಳಿಸಿದರು. ನಮ್ಮ ಅತ್ತೆಯ ಪ್ರೀತಿ ಯಾವಾಗಲೂ ಹಾಗೆಯೇ, ಸ್ವಲ್ಪ ಕುಟುಕಿಕೊಂಡು ಬರುತ್ತದೆ.

ಅಲ್ಲಿನ ಡಾಕ್ಟರು ಹಲ್ಲನ್ನು ಅರ್ಧ ಕೆರೆದು, ನಾಳೆ ನವೆಂಬರ್ ಒಂದು, ಹಬ್ಬದ ರಜೆ, ನಾಡಿದ್ದು ಬನ್ನಿ ಅಂದರಂತೆ. ಲಾಡ್ಜಿನಲ್ಲಿ ಸುಮ್ಮನೆ ಮಲಗುವ ಪ್ರಾಣಿಯೇ ನಮ್ಮ ಮಾವ? ಬೆಳಿಗ್ಗೆ ಎದ್ದು ಕಂಡ ಬಸ್ಸು ಹತ್ತಿದರು, ಹತ್ತಿದವರು ನಿದ್ದೆ ಹೋದರು, ಡ್ರೈವರ್ ಭುಜ ತಟ್ಟಿ ಇಳಿಸಿದ್ದು ಈ ಊರಿನಲ್ಲಿ. ವಾಪಸು ಬಸ್ಸು ಸಂಜೆಗೆ. ಅಂಗಡಿ ಬಾಗಿಲು ಹಾಕಿತ್ತು. ಕಾಲು ಹೋದ ಕಡೆ ನಡೆದರೆ, ಚರ್ಚಿನ ಹಿಂದೆ ಸಾಲು ಸಾಲು ದೀಪ! ನೂರಾರು ದೀಪ, ಕೆಂಪು ಗಾಜಿನಲ್ಲಿ, ಹಳದಿ ಗಾಜಿನಲ್ಲಿ. ಮನೆಮಂದಿಯೆಲ್ಲ ಒಳ್ಳೆ ಬಟ್ಟೆ ಹಾಕಿಕೊಂಡು ಹೂವು ಹಿಡಿದು ಬರುತ್ತಿದ್ದಾರೆ. ನಿಮಗೆ ನನಗೆ ಆಗಿದ್ದರೆ ಏನನ್ನಿಸುತ್ತಿತ್ತು? ಸ್ವಲ್ಪ ನಿಂತು ನೋಡೋಣ ಅನ್ನಿಸುತ್ತಿತ್ತು. ಮಾವನಿಗೆ ಹಾಗನ್ನಿಸಲಿಲ್ಲ. ಪೋಲೆಂಡಿನ ಹಳ್ಳಿಯಲ್ಲೂ ದೀಪಾವಳಿ ಮಾಡುತ್ತಾರೆ ಎಂದು ಎದೆಯುಬ್ಬಿಸಿ ಡಬ್ಬಿ ತೆರೆದು, ಎದುರು ಸಿಕ್ಕವರಿಗೆಲ್ಲ "ಹ್ಯಾಪಿ ದೀಪಾವಳಿ" ಎನ್ನುತ್ತ ಚಕ್ಕುಲಿ ಹಂಚಿದರು.

ಅದು ಸ್ಮಶಾನ. ತೀರಿಹೋದವರ ಸಮಾಧಿಗೆ ದೀಪ ಹಚ್ಚುವ ದಿನ. ತಂದೆಗೋ ಗಂಡನಿಗೋ ಕಣ್ಣೀರು ಹಾಕುತ್ತಿದ್ದ ಜನರ ಕೈಗೆ ಇವರು ಚಕ್ಕುಲಿ ಇಟ್ಟು ಹಲ್ಲು ಕಿರಿಯುತ್ತಿದ್ದಾರೆ, ಅದೂ ಅರ್ಧ ಹಲ್ಲು!

"ನಿಮಗೆ ಯಾರೂ ಎರಡು ಬಿಗಿಲಿಲ್ವಾ ಮಾವ?" ಎಂದು ಕೇಳಿದ್ದೆ.

"ಯಾಕೆ ಬಿಗೀತಾರೆ? ಒಬ್ಬಳು ಅಜ್ಜಿ ಚಕ್ಕುಲಿ ಇಸ್ಕೊಂಡು ಒಂದ್ನಿಮಿಷ ನೋಡಿದ್ಲು. ಆಮೇಲೆ ಅದನ್ನ ಗಂಡನ ಸಮಾಧಿ ಮೇಲೆ ಇಟ್ಲು. ಎಡೆ ಇಟ್ಟಂಗೆ ಕಣಮ್ಮ, ಥೇಟ್ ನಮ್ಮ ಥರ."

ಆ ಅಜ್ಜಿ ಒಂದು ಕಾಲದಲ್ಲಿ ಬೇಸಿಗೆಯಲ್ಲಿ ಸ್ಟ್ರಾಬೆರಿ ಕೀಳಲು ಸ್ವೀಡನ್ನಿಗೆ ಬರುತ್ತಿದ್ದವಳಂತೆ. ಅವಳಿಗೆ ಮುರುಕು ಸ್ವೀಡಿಷ್ ಬರುತ್ತದೆ, ಇವರಿಗೂ ಅಷ್ಟೇ ಬರುತ್ತದೆ. ಎರಡು ಮುರುಕು ಸೇರಿ ಒಂದು ಇಡೀ ಇತಿಹಾಸವಾಯಿತು. ಅವಳು ಇವರನ್ನು ಮನೆಗೆ ಕರೆದು ಬೀಟ್‌ರೂಟ್ ಸಾರು ಕೊಟ್ಟು ಊರಿನ ಕತೆ ಹೇಳಿದಳು. ಮಾವ ಗೋಥೆನ್‌ಬರ್ಗಿಗೆ ಒಂದು ಹಲ್ಲು ಮತ್ತು ಒಂದು ಊರಿನ ಸಮೇತ ಮರಳಿದರು.

ಅಂದಿನಿಂದ ಶುರುವಾಯಿತು ನೋಡಿ ಸ್ಥಳಪುರಾಣ. ನಮ್ಮ ಕಡೆ ಯಾವ ಬಂಡೆ ನೋಡಿದರೂ ಭೀಮ ಅದರ ಮೇಲೆ ಕೂತು ಎದ್ದಿರುತ್ತಾನೆ, ಯಾವ ಹಳ್ಳ ನೋಡಿದರೂ ಸೀತೆ ಅಲ್ಲಿ ಸೀರೆ ಒಗೆದಿರುತ್ತಾಳೆ. ಮಾವನಿಗೆ ಇದು ರಕ್ತದಲ್ಲೇ ಇದೆ. ಮಹಾತ್ಮೆ ಇಲ್ಲದ ಊರನ್ನು ಊರೆಂದು ಒಪ್ಪಲು ಅವರಿಂದ ಆಗುವುದಿಲ್ಲ. ಹಾಗಾಗಿ ಆ ಹೊಂಡದಲ್ಲಿ ಯಾವುದೋ ಫ್ರೆಂಚ್ ಚಕ್ರವರ್ತಿಯ ಸೇನೆಯ ಕುದುರೆಗಳು ನೀರು ಕುಡಿದವು. ಎಷ್ಟು ಕುದುರೆ ಎಂದು ಕೇಳಿದರೆ ಮೊದಲ ವರ್ಷ ಒಂದೆರಡು ಎಂದಿದ್ದರು, ಈಗ ಇಡೀ ದಳ ಕುಡಿಯುತ್ತಿದೆ. ಹೊಂಡ ಮಾತ್ರ ಅಷ್ಟೇ ಇದೆ.

ಊರ ಬಾಗಿಲಿಗೆ ಒಂದು ಕೂಡುರಸ್ತೆ. ಅಲ್ಲಿ ಗೂಡಿನಂಥ ಪುಟ್ಟ ಗುಡಿ, ಒಳಗೆ ಮೇರಿಮಾತೆ, ಕೊರಳಿಗೆ ಪ್ಲಾಸ್ಟಿಕ್ ಹೂವಿನ ಹಾರ. ಮಾವನ ತೀರ್ಮಾನ ಏನು ಗೊತ್ತೇ? ಗಡಿ ಕಾಯುವ ಊರಮ್ಮ! ಎರಡನೆಯ ವರ್ಷ ಗೋಥೆನ್‌ಬರ್ಗಿನ ಏಷ್ಯನ್ ಅಂಗಡಿಯಿಂದ ತೆಂಗಿನಕಾಯಿ ಹೊತ್ತುಕೊಂಡು ಹೋಗಿ ಅವಳೆದುರು ಒಡೆದರು. ಒಂದು ಹೋಳನ್ನು ನಾಯಿ ಎತ್ತಿಕೊಂಡು ಓಡಿತು. ಇನ್ನೊಂದನ್ನು ಟ್ರ್ಯಾಕ್ಟರ್ ನಿಲ್ಲಿಸಿದ ರೈತನೊಬ್ಬ ಎತ್ತಿ, ಮೂಸಿ, ಜೇಬಿಗೆ ಹಾಕಿಕೊಂಡನಂತೆ. ಮೂರನೆಯ ವರ್ಷ ಅದೇ ರೈತ ಕೂಡುರಸ್ತೆಯಲ್ಲಿ ಹೆಂಡತಿ ಸಮೇತ ಕಾಯುತ್ತ ನಿಂತಿದ್ದನಂತೆ. ಇದನ್ನು ಮಾವ ಭಕ್ತಿಯ ಪ್ರಸಾರ ಅನ್ನುತ್ತಾರೆ, ನಾನು ಬಿಟ್ಟಿ ಕೊಬ್ಬರಿ ಅನ್ನುತ್ತೇನೆ.

ಇಷ್ಟಕ್ಕೆ ನಿಂತಿದ್ದರೆ ಹಾಳಾಗಿ ಹೋಗಲಿ ಎಂದು ಬಿಡಬಹುದಿತ್ತು. ಆದರೆ ಪ್ರತಿ ವರ್ಷ ನವೆಂಬರ್ ಒಂದಕ್ಕೆ ಇವರು ಅಲ್ಲಿರಲೇಬೇಕು. ನವೆಂಬರ್ ಒಂದು! ಕನ್ನಡಿಗರಿಗೆ ಬೇರೆ ಹೇಳಬೇಕೆ? ನಮ್ಮ ಕನ್ನಡ ಕೂಟದಲ್ಲಿ ರಾಜ್ಯೋತ್ಸವದ ದಿನ ಗಂಡಸರಿಗೆ ಮೈಸೂರು ಪೇಟ ಕಟ್ಟಲು ಬರುವುದು ಮಾವನಿಗೊಬ್ಬರಿಗೇ. ಉಳಿದವರು ಕಟ್ಟಿದರೆ ತಲೆಗೆ ಪೆಟ್ಟಾಗಿ ಬ್ಯಾಂಡೇಜು ಸುತ್ತಿದ ಹಾಗೆ ಕಾಣುತ್ತದೆ. ಕಳೆದ ಸಲ ಒಂದನೆಯ ತಾರೀಕು ಶನಿವಾರವೇ ಬಿದ್ದಿತ್ತು, ಹಾಲ್ ಕೂಡ ಅಂದಿಗೇ ಸಿಕ್ಕಿತ್ತು. ಕೂಟದ ಅಧ್ಯಕ್ಷರು ನಮ್ಮ ಮನೆಗೇ ಬಂದು ಮಾವನನ್ನು ಹಿಡಿದರು.

"ಸಾರ್, ಇದೊಂದು ಸಲ ಪೋಲೆಂಡ್ ಕ್ಯಾನ್ಸಲ್ ಮಾಡ್ಬಿಡಿ. ಪ್ರೋಗ್ರಾಮ್ ಶೆಡ್ಯೂಲ್ ಎಲ್ಲ ಆಗ್ಹೋಗಿದೆ. ಕನ್ನಡ ತಾಯಿಗಿಂತ ಆ ಸ್ಮಶಾನ ಹೆಚ್ಚಾ ನಿಮಗೆ?"

"ತಾಯಿಗೆ ನೀವೆಲ್ಲ ಇದ್ದೀರಲ್ಲಪ್ಪ," ಅಂದರು ಮಾವ. ಅಧ್ಯಕ್ಷರು ಮುಖ ಗಂಟು ಹಾಕಿಕೊಂಡು ಕಾಫಿ ಅರ್ಧಕ್ಕೇ ಬಿಟ್ಟು ಹೋದರು. ಆ ಕಾಫಿ ಮಾಡಿದ್ದು ನಾನು.

ಇನ್ನು ಅತ್ತೆಯ ಅವಸ್ಥೆ ಹೇಳಬೇಕು. ಅವರ ಅಡುಗೆಮನೆಯಲ್ಲಿ ಪೋಲೆಂಡ್ ಎನ್ನುವ ಪದ ನಿಷಿದ್ಧ. ಹೇಳಿದವರಿಗೆ ಎರಡನೇ ಸಲ ಸಾರು ಬಡಿಸುವುದಿಲ್ಲ. ಆದರೂ ಮಾವ ಪ್ರತಿ ವರ್ಷ ಎರಡು ಟಿಕೆಟ್ ತೆಗೆಸುತ್ತಾರೆ. ಸೆಪ್ಟೆಂಬರಿನಲ್ಲೇ ತೆಗೆಸಿ, ಅತ್ತೆ ತರಕಾರಿ ಹೆಚ್ಚುವಾಗ ಪಕ್ಕದಲ್ಲಿ ಬಂದು ನಿಲ್ಲುತ್ತಾರೆ.

"ಒಂದ್ಸಲ ಬಾ. ಒಂದೇ ಒಂದ್ಸಲ. ಇಷ್ಟ ಆಗದಿದ್ರೆ ಇನ್ಯಾವತ್ತೂ ಕರೆಯಲ್ಲ."

"ನಮ್ಮವರ ಸ್ಮಶಾನಕ್ಕೇ ಹೆಂಗಸರನ್ನ ಬಿಡಲ್ಲ. ಯಾರದೋ ಸ್ಮಶಾನಕ್ಕೆ ನಾನ್ಯಾಕ್ರೀ ಬರಲಿ?" ಎನ್ನುತ್ತಾರೆ ಅತ್ತೆ, ಹುರುಳಿಕಾಯಿಯ ತುದಿ ಮುರಿಯುತ್ತ.

ಮಾವ ಪಕ್ಕದ ಸೀಟು ಖಾಲಿ ಬಿಟ್ಟುಕೊಂಡು ಹೋಗಿ ಬರುತ್ತಾರೆ. ಬಂದ ಮೇಲೆ ಎರಡು ವಾರ ಮಂಕಾಗಿರುತ್ತಾರೆ. ಇಷ್ಟೊಂದು ಜನ ಅವರ ಆ ಊರಿನ ಕತೆ ಕೇಳಿ ಕೇಳಿ ಸೋತುಹೋಗಿದ್ದೇವೆ, ಅವರಿಗೆ ಬೇಕಾಗಿರುವುದು ಮಾತ್ರ ಅತ್ತೆಯೊಬ್ಬರೇ. ಅತ್ತೆ ಬರುವುದಿಲ್ಲ. ಒಳ್ಳೆಯದೇ ಆಯಿತು ಎಂದು ನಾನೂ ಅತ್ತೆಯ ಪಕ್ಷ ವಹಿಸಿಕೊಂಡು ಬಂದಿದ್ದೆ. ಮನೆಯಲ್ಲಿ ಒಬ್ಬರಾದರೂ ನೆಟ್ಟಗಿರಬೇಡವೇ?

ಪರಿಸ್ಥಿತಿ ಕೈಮೀರಿದ್ದು ನನ್ನ ಮಗಳಿಂದ. ಮಾವ ಅತ್ತೆಗೆ ಮಕ್ಕಳಿಲ್ಲ, ಹಾಗಾಗಿ ಅವಳೇ ಅವರಿಗೆ ಮೊಮ್ಮಗಳು. ವಾರಕ್ಕೆರಡು ದಿನ ಅವಳನ್ನು ದಾಗಿಸ್‌ನಿಂದ, ಅಂದರೆ ಇಲ್ಲಿನ ಶಿಶುವಿಹಾರದಿಂದ ಕರೆತರುವುದು ಮಾವನ ಪಾಲಿನ ಕೆಲಸ. ಟ್ರಾಮಿನಲ್ಲಿ ಅವಳ ಕಿವಿ ಇವರ ಬಾಯಿಯ ಪಕ್ಕದಲ್ಲೇ ಇರುತ್ತದೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಒಂದು ದಿನ ದಾಗಿಸ್‌ನ ಟೀಚರು ನಗುತ್ತ ಹೇಳಿದರು, "ನಿಮ್ಮ ಕುಟುಂಬ ಪೋಲೆಂಡಿನದು ಅಂತ ಗೊತ್ತೇ ಇರಲಿಲ್ಲ." ಗೋಡೆಯ ಮೇಲೆ ಎಲ್ಲ ಮಕ್ಕಳೂ ತಮ್ಮ ಅಜ್ಜ ಅಜ್ಜಿಯ ಊರಿನ ಚಿತ್ರ ಬರೆದು ಅಂಟಿಸಿದ್ದರು. ನನ್ನ ಮಗಳು ಬರೆದಿದ್ದಳು: ಇಟ್ಟಿಗೆ ಚರ್ಚು, ಹೊಂಡ, ನೀರು ಕುಡಿಯುವ ಕುದುರೆ. ಕುದುರೆ ಹೊಂಡಕ್ಕಿಂತ ದೊಡ್ಡದಾಗಿತ್ತು, ಅಷ್ಟರಮಟ್ಟಿಗೆ ಚಿತ್ರ ನಿಜವೇ.

"ನಿನ್ನ ಅಜ್ಜನ ಊರು ಯಾವುದೇ?" ಎಂದು ಅವಳನ್ನು ನೇರವಾಗಿ ಮಾವನ ಮನೆಗೆ ಕರೆದೊಯ್ದು ಅತ್ತೆಯ ಎದುರೇ ಕೇಳಿದೆ.

"ಪೋಲೆನ್," ಅಂದಳು, ಸ್ವೀಡಿಷ್‌ನಲ್ಲಿ.

ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. ಆಮೇಲೆ ಮಾವನ ಕಡೆ ತಿರುಗಿ, ಶಾಂತವಾಗಿ ಹೇಳಿದರು. ಶಾಂತವಾಗಿ ಹೇಳಿದ್ದಕ್ಕೇ ಭಯವಾಗಿದ್ದು. "ಈ ವರ್ಷ ಬರ್ತೀನಿ. ಒಂದೇ ಸಲ. ನೋಡ್ಕೊಂಡು ಬಂದ್ಮೇಲೆ ಈ ಮನೇಲಿ ಆ ಊರಿನ ಹೆಸರು ಎತ್ತಕೂಡದು. ಹೋಗಲೂ ಕೂಡದು. ಒಪ್ಪಿಗೆನಾ?"

ಮಾವ ನನ್ನ ಕಡೆ ನೋಡಿದರು, ಮಗುವಿನ ಕಡೆ ನೋಡಿದರು. "ಒಪ್ಪಿಗೆ," ಅಂದರು. ಸಾಕ್ಷಿಗೆ ನಾನು ಬರಬೇಕೆಂದು ಅತ್ತೆಯ ಹಟ. ಮಾತು ಮುರಿದರೆ ಹಿಡಿದುಹಾಕಲು ಒಬ್ಬರು ಬೇಕಲ್ಲ! ಮಗಳನ್ನು ಗಂಡನ ಜೊತೆ ಬಿಟ್ಟು, ಪೋಲೆಂಡ್ ಪುರಾಣದ ಉತ್ತರಕ್ರಿಯೆ ನೋಡುವ ಉತ್ಸಾಹದಲ್ಲಿ ನಾನೂ ಹೊರಟೆ.

ಊರು ನಾನು ಅಂದುಕೊಂಡದ್ದಕ್ಕಿಂತ ಕಡೆಯಾಗಿತ್ತು, ಅದೊಂದು ಸಮಾಧಾನ. ಬಸ್ಸಿಳಿದ ಕೂಡಲೇ ಕಾಲು ಕೆಸರಿಗೆ ಹೋಯಿತು. ಮಾವ ಬಸ್ ನಿಲ್ದಾಣದಿಂದಲೇ ಶುರುಮಾಡಿದರು. ಇದು ನೋಡು ಸುಣ್ಣ ಹೊಡೆದ ಹಳೇ ಡೈರಿ, ಸರ್ಕಾರವೇ ಬೇಸಾಯ ನಡೆಸುತ್ತಿದ್ದ ಕಾಲದಲ್ಲಿ ಇಡೀ ಊರಿಗೆ ಇಲ್ಲೇ ಕೆಲಸ. ಅದು ಮುಚ್ಚಿದ ಮೇಲೆ ಹುಡುಗರೆಲ್ಲ ಜರ್ಮನಿ, ನಾರ್ವೆ, ನಮ್ಮ ಸ್ವೀಡನ್. ಅದು ನೋಡು ಲೈಟ್ ಕಂಬದ ಮೇಲೆ ಕೊಕ್ಕರೆ ಗೂಡು.

"ಖಾಲಿ ಇದೆಯಲ್ಲ ಮಾವ?"

"ಚಳಿಗಾಲಕ್ಕೆ ಆಫ್ರಿಕಾಕ್ಕೆ ಹೋಗಿಬಿಡ್ತವೆ."

"ಬುದ್ಧಿ ಇರೋವು," ಅಂದರು ಅತ್ತೆ.

ಕುದುರೆ ದಳ ನೀರು ಕುಡಿದ ಹೊಂಡದ ಎದುರು ನಿಂತಾಗ ನಾನೂ ಅತ್ತೆಯೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ. ನೋಡಿಕೊಂಡಿದ್ದರೆ ನಗು ತಡೆಯಲು ಆಗುತ್ತಿರಲಿಲ್ಲ. ಒಂದು ಬಾತುಕೋಳಿ ನಡುವೆ ನಿಂತಿತ್ತು. ನಿಂತಿತ್ತು ಎಂದರೆ ನಿಂತೇ ಇತ್ತು, ನೀರು ಅದರ ಮೊಣಕಾಲಿಗೆ! ಮಾವ ಮಾತ್ರ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಅಲ್ಲಿಂದ ಮುಂದಿನ ಅಧ್ಯಾಯಕ್ಕೆ ಹೋದರು. ಯುದ್ಧಕ್ಕೆ ಮೊದಲು ಇದು ಜರ್ಮನರ ಊರು. ಈ ಮರ ನೆಟ್ಟವರು, ಚರ್ಚು ಕಟ್ಟಿದವರು, ಮನೆಗಳನ್ನು ಕಟ್ಟಿದವರು ಎಲ್ಲ ಅವರೇ. ಯುದ್ಧ ಮುಗಿದ ಮೇಲೆ ಗಡಿ ಬದಲಾಯಿತು, ಕೈಗೆ ಸಿಕ್ಕಿದ ಗಂಟು ಹೊತ್ತುಕೊಂಡು ಅವರು ಹೋಗಬೇಕಾಯಿತು. ದೂರದ ಪೂರ್ವದಲ್ಲಿ ತಮ್ಮ ಊರು ಕಳೆದುಕೊಂಡ ಪೋಲೆಂಡಿನವರನ್ನು ಗೂಡ್ಸ್ ರೈಲಿನಲ್ಲಿ ತಂದು ಇಲ್ಲಿ ಇಳಿಸಿದರು. ಅವರು ಬಂದಾಗ ಕೆಲವು ಮನೆಯ ಒಲೆ ಇನ್ನೂ ಬೆಚ್ಚಗಿತ್ತಂತೆ.

"ಅಂದ್ರೆ ಈ ಊರಲ್ಲಿ ಈ ಊರಿನವರೇ ಇಲ್ವಾ?" ಎಂದು ಕೇಳಿದರು ಅತ್ತೆ. ಅವರು ಆ ಊರಿನ ಬಗ್ಗೆ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಇದ್ದಾರೆ. ಚರ್ಚಿನ ಹಿಂದೆ," ಅಂದರು ಮಾವ.

ನಾಲ್ಕು ಗಂಟೆಗೇ ಕತ್ತಲು ಕವಿಯತೊಡಗಿತ್ತು. ಚಕ್ಕುಲಿಯ ಅಜ್ಜಿ ಸ್ಮಶಾನದ ಗೇಟಿನಲ್ಲಿ ನಮಗಾಗಿ ಕಾಯುತ್ತಿದ್ದಳು. ಗಂಡನಿಗೆ ದೀಪ ಹಚ್ಚಿಯಾಗಿತ್ತು, ಆದರೂ ಅವಳ ಚೀಲದಲ್ಲಿ ಇನ್ನೂ ನಾಲ್ಕಾರು ದೀಪಗಳಿದ್ದವು. ಅವಳು ನಮ್ಮನ್ನು ಗೋಡೆಯ ಅಂಚಿಗೆ, ಪಾಚಿಗಟ್ಟಿದ ಹಳೆಯ ಕಲ್ಲುಗಳ ಕಡೆಗೆ ಕರೆದೊಯ್ದಳು. ಅವು ಜರ್ಮನರ ಸಮಾಧಿಗಳು. ಬಗ್ಗಿ ಒಂದಕ್ಕೆ ದೀಪ ಇಟ್ಟಳು. ಮುಂದಿನದಕ್ಕೆ ಇನ್ನೊಂದು.

"ಇವರು ಇವಳಿಗೇನಾಗ್ಬೇಕು?" ಅತ್ತೆ ಪಿಸುಗುಟ್ಟಿದರು.

"ಏನೂ ಆಗ್ಬೇಕಾಗಿಲ್ಲ. ಇವಳ ಅಜ್ಜ ಅಜ್ಜಿಯ ಸಮಾಧಿ ಅಲ್ಲೆಲ್ಲೋ ಪೂರ್ವದಲ್ಲಿ ಉಳಿದುಹೋಯ್ತು. ಅಲ್ಲಿ ಯಾರಾದ್ರೂ ಹಚ್ಚುತ್ತಿರಬಹುದು ಅಂತ ಇವಳು ಇಲ್ಲಿ ಹಚ್ತಾಳೆ."

ಮಾವ ಇಷ್ಟು ಹೇಳಿ ಸುಮ್ಮನಾದರು. ಅವರು ಆ ಊರಿನ ವಿಷಯ ಮಾತಾಡುತ್ತ ನಡುವೆ ತಾವಾಗಿ ಸುಮ್ಮನಾದದ್ದನ್ನು ನಾನು ನೋಡಿದ್ದು ಅಂದೇ. ಗೋಡೆಯ ಮೂಲೆಯಲ್ಲಿ ಒಂದು ಕಲ್ಲಿನ ಎದುರು ಹೋಗಿ ನಿಂತರು. ಮೊಣಕಾಲಿನಷ್ಟು ಎತ್ತರವೂ ಇರಲಿಲ್ಲ ಆ ಕಲ್ಲು. ಕೋಟಿನ ಜೇಬಿನಿಂದ ಎರಡು ದೀಪ ತೆಗೆದು, ಒಂದನ್ನು ಅತ್ತೆಯ ಕಡೆ ಹಿಡಿದರು.

"ಇದ್ಯಾರದು?" ಅಂದರು ಅತ್ತೆ.

"ಗೊತ್ತಿಲ್ಲ. ಕೂಸಿಂದು. ಹೆಸರು ಅಳಿಸಿ ಹೋಗಿದೆ."

ಅತ್ತೆ ಕೈ ಚಾಚಲಿಲ್ಲ. ಹಿಂದಕ್ಕೂ ಹೋಗಲಿಲ್ಲ.

ಆಗ ನನಗೆ ಅಮ್ಮ ಯಾವತ್ತೋ ಹೇಳಿದ್ದು ಹೊಳೆಯಿತು. ಸ್ವೀಡನ್ನಿಗೆ ಬರುವ ಮೊದಲು ಅತ್ತೆಗೆ ಒಂದು ಹೆಣ್ಣುಮಗು ಹುಟ್ಟಿ, ನಾಮಕರಣಕ್ಕೂ ಮುಂಚೆ ಹೋಗಿಬಿಟ್ಟಿತ್ತು. ಎಳೆಗೂಸುಗಳನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಕಲ್ಲು ನೆಡುವುದಿಲ್ಲ. ಗಂಡಸರು ಹೋಗಿ ಮುಗಿಸಿ ಬರುತ್ತಾರೆ, ಹೆತ್ತವಳು ಬಾಗಿಲು ದಾಟುವ ಹಾಗಿಲ್ಲ. ಅತ್ತೆ ಆ ಜಾಗವನ್ನು ನೋಡಿಯೇ ಇರಲಿಲ್ಲ.

"ಅಪ್ಪ ತೀರಿಕೊಂಡಾಗ ಊರಿಗೆ ಹೋಗಿದ್ನಲ್ಲ," ಮಾವ ಕಲ್ಲನ್ನು ನೋಡುತ್ತಲೇ ಹೇಳಿದರು. "ಆಗ ಹುಡುಕ್ದೆ. ಹಳ್ಳದ ಪಕ್ಕ ಜಾಲಿ ಮರ ಇತ್ತು, ಅದರ ಬುಡದಲ್ಲಿ. ಈಗ ಅಲ್ಲಿ ಬೈಪಾಸ್ ರೋಡು. ಲಾರಿ ಓಡಾಡ್ತವೆ. ನಿನ್ನ ಕರ್ಕೊಂಡು ಹೋಗಿ ತೋರಿಸ್ಬೇಕು ಅಂತ ಇತ್ತು. ತೋರಿಸೋಕೆ ಏನೂ ಉಳಿದಿಲ್ಲ. ಇಲ್ಲಿ ಇವರು ಯಾರದ್ದಕ್ಕೋ ಹಚ್ಚುತ್ತಿದ್ರು, ನಾನೂ ಒಂದು ಹಚ್ಚಿದೆ. ನೀನೂ ಒಂದು ಹಚ್ಚಿದ್ರೆ ಅಂತ..."

"ಅವತ್ತು ನಾನೂ ಬರ್ತೀನಿ ಅಂದಿದ್ದೆ," ಅಂದರು ಅತ್ತೆ.

"ಗೊತ್ತು."

"ಬಾಗಿಲ ಹತ್ರ ಹಿಡ್ಕೊಂಡುಬಿಟ್ರು."

"ಗೊತ್ತು ಕಣೇ."

ಮಾವ ಕಡ್ಡಿ ಗೀರಿದರು, ಆರಿತು. ಇನ್ನೊಂದು ಗೀರಿದರು, ಅದೂ ಆರಿತು. ಅತ್ತೆ ಅವರ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡರು. ಸೆರಗಿನ ಮೇಲೆ ಹಾಕಿದ್ದ ದಪ್ಪ ಜಾಕೆಟ್ಟನ್ನು ಗಾಳಿಗೆ ಅಡ್ಡ ಹಿಡಿದು, ಒದ್ದೆ ನೆಲದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ದೀಪ ಹಚ್ಚಿ ಕಲ್ಲಿಗೆ ಒತ್ತಿ ಇಟ್ಟರು. ಗಾಜಿನ ಮೇಲೆ ಮುಚ್ಚಳ ಹಾಕಿದರು. ಎದ್ದೇಳಲಿಲ್ಲ. ಮಾವನೂ ಮಂಡಿ ಊರಿ ಪಕ್ಕದಲ್ಲಿ ಕೂತರು. ಅಜ್ಜಿ ನನ್ನ ತೋಳು ಹಿಡಿದು ಎರಡು ಹೆಜ್ಜೆ ಹಿಂದಕ್ಕೆ ಸರಿಸಿದಳು. ನನ್ನ ಕಣ್ಣು ಮಂಜಾಗಿ ಅವರಿಬ್ಬರ ಬೆನ್ನು ಸರಿಯಾಗಿ ಕಾಣುತ್ತಿರಲಿಲ್ಲ.

"ಯಾವುದರಲ್ಲಿ ಸುತ್ತಿದ್ರಿ?" ಅತ್ತೆ ಕೇಳುವುದು ಕೇಳಿಸಿತು.

"ಅಮ್ಮ ಹೊಸ ಬಿಳೀ ಬಟ್ಟೆ ಕೊಟ್ಟಿದ್ರು. ಗಂಜಿ ಹಾಕಿದ್ದು, ಒರಟಾಗಿತ್ತು. ಹೊರಗೆ ಹಗ್ಗದ ಮೇಲೆ ನಿನ್ನ ಹಳೇ ನೂಲಿನ ಸೀರೆ ಒಣಗ್ತಿತ್ತು. ಯಾರಿಗೂ ಕಾಣದ ಹಾಗೆ ಅದನ್ನ ಒಳಗೆ ಸುತ್ತಿದೆ."

ಅತ್ತೆ ದೀಪವನ್ನು ಕಲ್ಲಿಗೆ ಇನ್ನಷ್ಟು ಹತ್ತಿರ ಸರಿಸಿದರು.

"ಹಸಿರುದಾ?"

"ಹೂಂ. ಹಸಿರುದು."

"ಒಳ್ಳೇದು ಮಾಡಿದ್ರಿ," ಅಂದರು ಅತ್ತೆ. "ಅದು ಮೆತ್ತಗಿತ್ತು."